ಎರಡಿಂಚು ನೀರು, ಹದಿನೈದು ಕಿಲೊ ಬಾಕ್ಸು

ಪ್ರಿಯ ಓದುಗ ಗೆಳತಿಗೆ,

ಮಗಳು ಕೋಲಾರದ ಹಾಸ್ಟೆಲ್ಲಿಗೆ ಹೋದ ಮೇಲೆ ನೀವೂ ಮುಕ್ತ ವಿಶ್ವವಿದ್ಯಾಲಯದ ಬಿ.ಎ.ಗೆ ಸೇರಿದ್ದೀರಿ, ಅದರಲ್ಲೂ ಅರ್ಥಶಾಸ್ತ್ರ ತೆಗೆದುಕೊಂಡಿದ್ದೀರಿ ಎಂದು ಓದಿ ಖುಷಿಯಾಯಿತು. "ಪುಸ್ತಕ ತೆರೆದರೆ ಎರಡು ಗೆರೆ ಒಂದನ್ನೊಂದು ಅಡ್ಡ ಹಾಯ್ದಿರುತ್ತವೆ. ಅದರಲ್ಲಿ ನಮ್ಮ ತೋಟ ಎಲ್ಲಿದೆ ಸಾರ್?" ಎಂದು ಕೇಳಿದ್ದೀರಿ. ತೋಟ ಆ ಗೆರೆಗಳ ಒಳಗೇ ಇದೆ. ಆದರೆ ಆ ಚಿತ್ರದಲ್ಲಿ ಒಂದು ಸಂಗತಿ ಕಾಣುವುದಿಲ್ಲ, ಅದು ಕಾಲ. ನಾಟಿಗೂ ಕೊಯ್ಲಿಗೂ ನಡುವೆ ಎಷ್ಟು ದಿನ, ಸಾಲ ತಂದ ದಿನಕ್ಕೂ ದುಡ್ಡು ಕೈಗೆ ಬರುವ ದಿನಕ್ಕೂ ನಡುವೆ ಎಷ್ಟು ದಿನ ಎಂಬುದು. ನಿಮ್ಮ ಜಿಲ್ಲೆಯವರು ಅರ್ಥಶಾಸ್ತ್ರ ಕಲಿಯುವುದಾದರೆ ಅಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಮೇಷ್ಟ್ರು ಒಪ್ಪದೆ ಇರಬಹುದು. ಪರೀಕ್ಷೆಯಲ್ಲಿ ಅವರು ಹೇಳಿದ್ದನ್ನೇ ಬರೆಯಿರಿ.

ನಿಮ್ಮ ಬೋರ್‌ವೆಲ್ಲಿನಲ್ಲಿ ಎರಡಿಂಚು ನೀರು ಬರುತ್ತದೆ ಎಂದು ಬರೆದಿದ್ದೀರಿ. ಮುಳಬಾಗಿಲು ಕಡೆ ಎರಡಿಂಚು ಅಂದರೆ ಪುಣ್ಯವಂತರು. ಆ ನೀರನ್ನು ಟೊಮೆಟೊಗೆ ಬಿಡಬಹುದು, ಹಿಪ್ಪುನೇರಳೆಗೆ ಬಿಟ್ಟು ರೇಷ್ಮೆ ಹುಳು ಸಾಕಬಹುದು, ಸೀಮೆಹುಲ್ಲಿಗೆ ಬಿಟ್ಟು ಹಸು ಕಟ್ಟಬಹುದು. ಮೂರಕ್ಕೂ ಸಾಲುವುದಿಲ್ಲ. ಲಂಡನ್ನಿನ ಲಯೊನೆಲ್ ರಾಬಿನ್ಸ್ ಎಂಬ ಪ್ರಾಧ್ಯಾಪಕರು 1932ರಲ್ಲಿ ಈ ಶಾಸ್ತ್ರಕ್ಕೆ ಕೊಟ್ಟ ವ್ಯಾಖ್ಯೆ ಹೆಚ್ಚುಕಡಿಮೆ ಇದೇ: ಬೇಕಾದ್ದು ಹಲವು, ಕೈಯಲ್ಲಿರುವ ಸಾಧನ ಕಡಿಮೆ, ಅದೇ ಸಾಧನಕ್ಕೆ ಬೇರೆ ಬೇರೆ ಉಪಯೋಗ; ಆಗ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂದು ನೋಡುವುದೇ ಅರ್ಥಶಾಸ್ತ್ರ. ಅವರು ಬೋರ್‌ವೆಲ್ ನೋಡಿರಲಾರರು. ನೋಡಿದ್ದರೆ ಪುಸ್ತಕ ಇನ್ನೂ ಚಿಕ್ಕದಾಗುತ್ತಿತ್ತೇನೋ.

ಇಲ್ಲಿಂದ ಹುಟ್ಟುವುದೇ 'ಅವಕಾಶ ವೆಚ್ಚ'. ಟೊಮೆಟೊ ಇಟ್ಟದ್ದಕ್ಕೆ ಖರ್ಚೆಷ್ಟು ಎಂದು ಕೇಳಿದರೆ ಸಸಿ, ಗೊಬ್ಬರ, ಔಷಧಿ, ಕಡ್ಡಿ, ದಾರ, ಮಲ್ಚಿಂಗ್ ಪೇಪರು, ಕೂಲಿ ಎಂದು ನಿಮ್ಮ ಯಜಮಾನರು ಬೆರಳು ಮಡಿಸುತ್ತಾರೆ. ಅದೇ ನೀರಿನಲ್ಲಿ ಬೆಳೆಯಬಹುದಾಗಿದ್ದ ಹಿಪ್ಪುನೇರಳೆ ಸೊಪ್ಪು, ಅದರಿಂದ ಬರಬಹುದಾಗಿದ್ದ ರೇಷ್ಮೆಗೂಡಿನ ದುಡ್ಡು ಆ ಪಟ್ಟಿಯಲ್ಲಿ ಇರುವುದಿಲ್ಲ. ಅದೂ ಖರ್ಚೇ. ಬಿಟ್ಟುಕೊಟ್ಟದ್ದರಲ್ಲಿ ಯಾವುದು ಎಲ್ಲಕ್ಕಿಂತ ಒಳ್ಳೆಯದಾಗಿತ್ತೋ ಅದರ ಬೆಲೆಯೇ ಆರಿಸಿಕೊಂಡದ್ದರ ನಿಜವಾದ ಖರ್ಚು. ಅಂದಹಾಗೆ ಆ ಪಟ್ಟಿಯಲ್ಲಿ ನಿಮ್ಮ ಕೂಲಿ ಇದೆಯೇ? ಬೆಳಗಿನ ಜಾವ ಎದ್ದು ಹಾಲು ಕರೆದು, ಡೇರಿಗೆ ಹಾಕಿ, ಹತ್ತು ಗಂಟೆಗೆ ಹೊಲಕ್ಕೆ ಬಂದು ಸಾಲು ಕಟ್ಟುವ ನಿಮ್ಮ ಹೊತ್ತಿಗೆ ಯಾರೂ ಬೆಲೆ ಹಾಕಿರುವುದಿಲ್ಲ. ಮನೆಯವರ ದುಡಿಮೆ ಪುಕ್ಕಟೆ ಎಂದುಕೊಂಡ ಲೆಕ್ಕದಲ್ಲಿ ಎಷ್ಟೋ ಬೆಳೆಗಳು ಲಾಭದ ಬೆಳೆಗಳಾಗಿ ಕಾಣುತ್ತವೆ.

ಈಗ ಕೋಲಾರದ ಎಪಿಎಂಸಿ ಯಾರ್ಡಿಗೆ ಬನ್ನಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರು ಪಡೆದ ಜಾಗ. ಹದಿನೈದು ಕಿಲೊ ಬಾಕ್ಸಿನ ಸಾಲು, ಸಾಲಿನ ಮುಂದೆ ಕೂಗುವವರು, ಹಿಂದೆ ಛತ್ತೀಸಗಡ, ದೆಹಲಿ, ಬಂಗಾಳಕ್ಕೆ ಹೊರಡುವ ಲಾರಿಗಳು. ನಿಮ್ಮ ಪುಸ್ತಕದ ಎರಡು ಗೆರೆ ಅಡ್ಡ ಹಾಯುವ ಬಿಂದು ಇದೇ. ಹರಾಜು ಕೂಗುವವನು ಒಂದು ಬೆಲೆ ಹೇಳುತ್ತಾನೆ. ಕೊಳ್ಳುವವರು ಸುಮ್ಮನಿದ್ದರೆ ಇಳಿಸುತ್ತಾನೆ, ಇಬ್ಬರು ಪೈಪೋಟಿಗೆ ಬಿದ್ದರೆ ಏರಿಸುತ್ತಾನೆ. ಮಾಲು ಖಾಲಿಯಾಗುವ ಕಡೆ ನಿಲ್ಲುತ್ತಾನೆ. ಬೇಡಿಕೆ, ಪೂರೈಕೆ ಎಂದು ಪುಸ್ತಕ ಗಂಭೀರವಾಗಿ ಹೇಳುವುದು ಇಲ್ಲಿ ಅರೆ ನಿಮಿಷದ ಕೆಲಸ.

ಆದರೆ ಟೊಮೆಟೊಗೆ ಎರಡು ಗುಣಗಳಿವೆ. ಕೊಯ್ದು ಬಾಕ್ಸಿಗೆ ತುಂಬಿದ ಮೇಲೆ ಅದನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಇವತ್ತು ಯಾರ್ಡಿಗೆ ಬಂದದ್ದು ಇವತ್ತೇ ಹೋಗಬೇಕು. ಅತ್ತ ಕೊಳ್ಳುವವರ ಅಡುಗೆಮನೆಯೂ ಹಟಮಾರಿ. ಬೆಲೆ ಅರ್ಧಕ್ಕೆ ಇಳಿಯಿತೆಂದು ಯಾರೂ ಸಾರಿಗೆ ಎರಡು ಪಾಲು ಹಣ್ಣು ಹಾಕುವುದಿಲ್ಲ, ಬೆಲೆ ಎರಡು ಪಾಲಾಯಿತೆಂದು ಸಾರು ಮಾಡುವುದನ್ನು ಬಿಡುವುದೂ ಇಲ್ಲ. ಹೆಚ್ಚೆಂದರೆ ಒಂದಿಷ್ಟು ಹುಣಿಸೆಹಣ್ಣು ಜಾಸ್ತಿ ಹಿಂಡುತ್ತಾರೆ. ಇಂಥ ಬೇಡಿಕೆಗೆ ಸ್ಥಿತಿಸ್ಥಾಪಕತ್ವ ಕಡಿಮೆ ಎಂದು ನಿಮ್ಮ ಪುಸ್ತಕ ಹೇಳುತ್ತದೆ. ಅದರ ಪರಿಣಾಮವನ್ನು ಜನ ಕಂಡುಕೊಂಡದ್ದು ಇವತ್ತಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡೇವನೆಂಟ್ ಎಂಬುವರು 1699ರಲ್ಲಿ ಪ್ರಕಟಿಸಿದ ಒಂದು ಪಟ್ಟಿಯ ಪ್ರಕಾರ, ಧಾನ್ಯದ ಫಸಲು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಗ್ರೆಗರಿ ಕಿಂಗ್ ಎಂಬುವರ ಹೆಸರಿನಲ್ಲಿ ಅದು ಈಗಲೂ ಪಾಠವಾಗಿದೆ. ಮಾಲು ಸ್ವಲ್ಪ ಕಡಿಮೆಯಾದರೆ ಬೆಲೆ ಹಾರುತ್ತದೆ, ಸ್ವಲ್ಪ ಜಾಸ್ತಿಯಾದರೆ ಕುಸಿಯುತ್ತದೆ.

2023ನೇ ಇಸವಿ ನಿಮಗೆ ನೆನಪಿದ್ದೇ ಇರುತ್ತದೆ. ಆ ಬೇಸಿಗೆಯಲ್ಲಿ ಕಿಲೊಗೆ ಎರಡು ಮೂರು ರೂಪಾಯಿ ಸಿಗದೆ ಕೋಲಾರದ ಸುತ್ತ ಜನ ಹಣ್ಣನ್ನು ರಸ್ತೆಗೆ ಸುರಿದರು. ಎಷ್ಟೋ ಜನ ಮುಂದಿನ ನಾಟಿಯನ್ನೇ ಕೈಬಿಟ್ಟರು. ಇಟ್ಟವರ ಹೊಲಕ್ಕೆ ಬಿಸಿಲಿನ ಜೊತೆ ಎಲೆ ಮುದುಡುವ ರೋಗ ಬಂತು. ಜುಲೈಗೆ ಅದೇ ಯಾರ್ಡಿನಲ್ಲಿ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಜಿಲ್ಲೆಯ ಒಂದು ರೈತ ಕುಟುಂಬ 2,000 ಬಾಕ್ಸ್ ಮಾರಿ 38 ಲಕ್ಷ ಎಣಿಸಿಕೊಂಡಿತೆಂದು ಪತ್ರಿಕೆಗಳಲ್ಲಿ ಬಂತು. ಕೋಲಾರದಿಂದ ಜೈಪುರಕ್ಕೆ ಹೊರಟ ಟೊಮೆಟೊ ಲಾರಿಯೊಂದು ದಾರಿಯಲ್ಲೇ ಕಾಣೆಯಾಗಿ ಪೊಲೀಸ್ ದೂರು ದಾಖಲಾಯಿತು! ಉತ್ತರ ಭಾರತದಲ್ಲಿ ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಬರ್ಗರಿಗೆ ಟೊಮೆಟೊ ಹಾಕುವುದನ್ನು ನಿಲ್ಲಿಸಿದವು. ಕೇಂದ್ರ ಸರ್ಕಾರ ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಲ್ಲಿ ಕೊಂಡು ದೆಹಲಿಯಲ್ಲಿ ಕಿಲೊಗೆ 90 ರೂಪಾಯಿಗೆ ಮಾರಿಸಿತು, ಆಗಸ್ಟಿನಲ್ಲಿ ನೇಪಾಳದಿಂದಲೂ ತರಿಸಿತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಮತ್ತೆ ನೆಲ ಕಚ್ಚಿತ್ತು.

ಈ ಏರಿಳಿತವನ್ನು ಹಣೆಬರಹ ಅನ್ನುವವರಿದ್ದಾರೆ, ದಲ್ಲಾಳಿಗಳ ಕೈವಾಡ ಅನ್ನುವವರೂ ಇದ್ದಾರೆ. ಎರಡರಲ್ಲೂ ಒಂದಿಷ್ಟು ನಿಜ ಇದ್ದೀತು. ಆದರೆ ಇಬ್ಬರೂ ಇಲ್ಲದಿದ್ದರೂ ಇದು ನಡೆಯುತ್ತದೆ. ನರ್ಸರಿಯಲ್ಲಿ ಸಸಿಗೆ ಮೂರು ನಾಲ್ಕು ವಾರ, ನಾಟಿಯಾದ ಮೇಲೆ ಮೊದಲ ಕೊಯ್ಲಿಗೆ ಎರಡು ಎರಡೂವರೆ ತಿಂಗಳು. ಬೆಲೆ 2,000 ಇರುವ ದಿನ ಸಸಿಗೆ ದುಡ್ಡು ಕಟ್ಟಿದವರು ಮಾರುವುದು ಮೂರು ತಿಂಗಳ ನಂತರದ ಬೆಲೆಗೆ. ಅವರಂತೆಯೇ ಯೋಚಿಸಿದ ಮುಳಬಾಗಿಲಿನವರು, ಶ್ರೀನಿವಾಸಪುರದವರು, ಮದನಪಲ್ಲೆಯವರು, ದೂರದ ನಾಸಿಕ್‌ನವರು ಎಲ್ಲರೂ ಅದೇ ದಿನಗಳಲ್ಲಿ ಕೊಯ್ಯುತ್ತಾರೆ. ಬೆಲೆ ಬೀಳುತ್ತದೆ, ಬಿದ್ದದ್ದನ್ನು ನೋಡಿ ಎಲ್ಲರೂ ಒಟ್ಟಿಗೇ ಬಿಡುತ್ತಾರೆ, ಮೂರು ತಿಂಗಳಿಗೆ ಮಾಲಿಲ್ಲ. ಕಾಗದದ ಮೇಲೆ ಇದನ್ನು ಗೆರೆ ಹಾಕುತ್ತಾ ಹೋದರೆ ಜೇಡರ ಬಲೆಯ ಹಾಗೆ ಸುತ್ತುತ್ತದೆ. 1934ರಲ್ಲಿ ನಿಕೊಲಸ್ ಕಾಲ್ಡೋರ್ ಎಂಬ ಅರ್ಥಶಾಸ್ತ್ರಜ್ಞರು ಇದಕ್ಕೆ ಆ ಹೆಸರನ್ನೇ ಇಟ್ಟರು. ಬೆಲೆ ಅನ್ನುವುದು ತಡವಾಗಿ ತಲುಪುವ ಅಂಚೆ. ಅದರಲ್ಲಿ ಬರೆದಿರುವುದು ಸುಳ್ಳಲ್ಲ. ಬರೆದ ದಿನಕ್ಕೆ ನಿಜ.

ರಸ್ತೆಗೆ ಸುರಿಯುವುದನ್ನು ಕಂಡು ಪಟ್ಟಣದವರು "ಬಡವರಿಗಾದರೂ ಕೊಡಬಾರದಿತ್ತೇ" ಅನ್ನುತ್ತಾರೆ. ಅವರಿಗೆ ಹೇಳಲು ನಿಮಗೊಂದು ಲೆಕ್ಕ ಕೊಡುತ್ತೇನೆ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ಹೊಲದ ಅಂಕಿ ಹಾಕಿ ತಿದ್ದಿಕೊಳ್ಳಿ. ಒಂದು ಬಾಕ್ಸ್ ಹಣ್ಣು ಗಿಡದಲ್ಲಿ ಕೆಂಪಾಗುವವರೆಗೆ ಆದ ಖರ್ಚು 150 ರೂಪಾಯಿ. ಇನ್ನು ಕೊಯ್ಯುವ ಕೂಲಿ, ಟೆಂಪೊ ಬಾಡಿಗೆ, ಹಮಾಲಿ, ಕಮಿಷನ್ ಸೇರಿ 60. ಯಾರ್ಡಿನಲ್ಲಿ ಬೆಲೆ 80 ಇದ್ದರೆ ಕೊಯ್ಯಬೇಕೇ ಬೇಡವೇ? ಒಟ್ಟು ಖರ್ಚು 210, ಬರುವುದು 80, ನಷ್ಟ 130, ಬಿಟ್ಟುಬಿಡೋಣ ಅನಿಸುತ್ತದೆ. ಬಿಟ್ಟರೆ ನಷ್ಟ 150. ಹಾಗಾಗಿ ಕೊಯ್ಯಬೇಕು. ಬೆಲೆ 50 ಆದರೆ? ಕೊಯ್ದರೆ ನಷ್ಟ 160, ಬಿಟ್ಟರೆ 150. ಗಿಡದಲ್ಲೇ ಬಿಡುವುದು ಮೇಲು. ಆಗಲೇ ಆಗಿಹೋದ 150 ಎರಡು ಕಡೆಯೂ ಇದೆ. ನಿರ್ಧಾರಕ್ಕೆ ಅದು ಲೆಕ್ಕಕ್ಕಿಲ್ಲ. ನೋಡಬೇಕಾದದ್ದು ಇನ್ನು ಮುಂದೆ ಆಗುವ ಖರ್ಚು, ಇನ್ನು ಮುಂದೆ ಬರುವ ದುಡ್ಡು ಎರಡನ್ನೇ. ಅರ್ಥಶಾಸ್ತ್ರದಲ್ಲಿ ನನಗೆ ಅತಿ ಕಷ್ಟದ ಪಾಠ ಯಾವುದು ಎಂದರೆ ಇದನ್ನೇ ಹೇಳುತ್ತೇನೆ. ಅರ್ಥವಾಗುವುದು ಸುಲಭ, ಹೊಟ್ಟೆ ಒಪ್ಪುವುದಿಲ್ಲ. ಮತ್ತೆ ರಸ್ತೆಗೆ ಸುರಿದವರ ವಿಷಯ: ಅವರು ಕೊಯ್ದು, ಬಾಡಿಗೆ ಕೊಟ್ಟು ಯಾರ್ಡಿನವರೆಗೂ ತಂದವರು. ದಾರಿಯಲ್ಲಿರುವಾಗ ಬೆಲೆ ಬಿದ್ದದ್ದು. ವಾಪಸ್ ಒಯ್ಯಲು ಇನ್ನೊಂದು ಬಾಡಿಗೆ ಬೇಕು.

ಫೋನ್ ಬಂದ ಮೇಲೆ ಇದೆಲ್ಲ ಸರಿಹೋಗಬೇಕಿತ್ತಲ್ಲ ಎಂದು ನೀವು ಕೇಳಬಹುದು. ಅರ್ಧ ಸರಿಹೋಗಿದೆ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕಡಲತೀರದಲ್ಲಿ ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಮಾಡಿದ ಅಧ್ಯಯನವೊಂದಿದೆ, 2007ರಲ್ಲಿ ಪ್ರಕಟವಾದದ್ದು. ಮೊಬೈಲ್ ಬರುವ ಮುಂಚೆ, 1997ರ ಜನವರಿಯ ಒಂದು ಬೆಳಿಗ್ಗೆ, ಬಡಗರ ತೀರದಲ್ಲಿ 11 ದೋಣಿಯವರು ಮೀನು ಕೊಳ್ಳುವವರಿಲ್ಲದೆ ಎಸೆಯಲು ನಿಂತಿದ್ದರು. ಹದಿನೈದು ಕಿಲೊಮೀಟರಿನ ಒಳಗಿನ ಬೇರೆ ತೀರಗಳಲ್ಲಿ 27 ಜನ ಕೊಳ್ಳುವವರು ಮೀನು ಸಿಗದೆ ಬರಿಗೈಯಲ್ಲಿ ಹೊರಡುತ್ತಿದ್ದರು. ಮೊಬೈಲ್ ಬಂದ ಮೇಲೆ ಊರಿಂದ ಊರಿಗೆ ಇದ್ದ ಬೆಲೆಯ ಅಂತರ ಕುಗ್ಗಿತು, ಎಸೆಯುವುದು ನಿಂತಿತು. ನಿಮ್ಮ ಕಡೆಯೂ ಅಷ್ಟೇ. ಇವತ್ತು ಮುಳಬಾಗಿಲಿನ ರೈತ ವಡ್ಡಹಳ್ಳಿ ಮಾರ್ಕೆಟ್ಟಿನಲ್ಲಿ ಎಷ್ಟು, ಕೋಲಾರದಲ್ಲಿ ಎಷ್ಟು, ಗಡಿಯಾಚೆ ಮದನಪಲ್ಲೆಯಲ್ಲಿ ಎಷ್ಟು ಎಂದು ತೋಟದಲ್ಲೇ ನಿಂತು ಕೇಳಿಕೊಂಡು ಟೆಂಪೊ ತಿರುಗಿಸುತ್ತಾನೆ. ಮೂರು ಕಡೆಯ ಬೆಲೆಯಲ್ಲಿ ಬಾಡಿಗೆಯ ವ್ಯತ್ಯಾಸಕ್ಕಿಂತ ಹೆಚ್ಚಿನ ಅಂತರ ಬಹಳ ಹೊತ್ತು ಉಳಿಯುವುದಿಲ್ಲ. ಫೋನ್ ದೂರವನ್ನು ಗೆದ್ದಿತು. ಮೂರು ತಿಂಗಳಾಚೆಯ ಬೆಲೆಗೆ ಫೋನ್ ಮಾಡಲು ಬರುವುದಿಲ್ಲವಲ್ಲ!

ಹಾಗಾದರೆ ಜಾಣರು ಬೆಲೆ ಬಿದ್ದಾಗ ನಾಟಿ ಮಾಡಿ, ಏರಿದಾಗ ಸುಮ್ಮನಿರಬೇಕು. ಹೌದು. ಅದಕ್ಕೆ ಹತ್ತಿರದ ದಾರಿ ಹಿಡಿದವರು ನಿಮ್ಮ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ: ಬೆಲೆ ನೋಡದೆ ಪ್ರತಿ ಹಂಗಾಮಿನಲ್ಲೂ ತಪ್ಪದೆ ಎರಡು ಎಕರೆ ಇಡುವವರು. ನಾಲ್ಕು ಬೆಳೆ ಕೈಕೊಟ್ಟರೂ ಐದನೆಯದು ಹಿಂದಿನದನ್ನೆಲ್ಲ ತುಂಬಿಕೊಡುತ್ತದೆ. ಆದರೆ ನಾಲ್ಕು ನಷ್ಟ ತಡೆದುಕೊಳ್ಳುವ ಗಂಟು ಯಾರ ಹತ್ತಿರ ಇದೆ? ಇಲ್ಲದವರು ಮಂಡಿಯವರ ಹತ್ತಿರ ಮುಂಗಡ ತರುತ್ತಾರೆ. ಮಂಡಿಯವರೂ ಲೆಕ್ಕಸ್ಥರೇ, ಬೆಲೆ ಚೆನ್ನಾಗಿರುವಾಗ ಕೈ ಸಡಿಲ, ಬಿದ್ದಾಗ ಬಿಗಿ. ಹಾಗಾಗಿ ಬಡ ರೈತನಿಗೆ ದುಡ್ಡು ಸಿಗುವುದೇ ಎಲ್ಲರೂ ನಾಟಿ ಮಾಡುವ ತಪ್ಪು ಹೊತ್ತಿನಲ್ಲಿ. ಮುಂಗಡ ಕೊಟ್ಟ ಮಂಡಿಗೇ ಮಾಲು ಹಾಕಬೇಕು ಎಂಬ ಕಟ್ಟು ಬೇರೆ. ರೈತನಿಂದ ಕಮಿಷನ್ ಹಿಡಿಯಬಾರದೆಂದು ಕಾಯ್ದೆ ಹೇಳುತ್ತದೆ. ಹಿಡಿಯುತ್ತಾರೆ ಎಂಬುದು ರೈತ ಸಂಘಟನೆಗಳ ಹಳೆಯ ದೂರು. ಸಾಲ ಇರುವವನು ದೂರು ಕೊಡುವುದು ಹೇಗೆ? ಜೇಡರ ಬಲೆಯ ಪಾಠ ಓದಿದ ಹುಡುಗರು "ರೈತರಿಗೆ ತಿಳಿವಳಿಕೆ ಕೊಡಬೇಕು" ಎಂದು ಉತ್ತರ ಬರೆಯುತ್ತಾರೆ. ತಿಳಿವಳಿಕೆ ರೈತರಿಗಿದೆ. ಇಲ್ಲದಿರುವುದು ಕಾಯುವ ಶಕ್ತಿ.

ಅದಕ್ಕೇ ನಿಮ್ಮ ಕೊಟ್ಟಿಗೆಯ ಎರಡು ಹಸು ಟೊಮೆಟೊಗಿಂತ ಮುಖ್ಯ ಎಂದು ನನಗನಿಸುವುದು. ಎರಡು ಹಸುವಿನ ಹಾಲಿನಲ್ಲಿ ಯಾರೂ 38 ಲಕ್ಷ ಎಣಿಸಿಲ್ಲ. ಆದರೆ ಬಟವಾಡೆ ತಪ್ಪುವುದಿಲ್ಲ, ರೇಟು ರಾತ್ರೋರಾತ್ರಿ ಹತ್ತರಲ್ಲೊಂದು ಪಾಲಿಗೆ ಇಳಿಯುವುದಿಲ್ಲ, ಸರ್ಕಾರದ ಪ್ರೋತ್ಸಾಹಧನ ತಡವಾಗಿಯಾದರೂ ಬರುತ್ತದೆ. ಒಂದೇ ಮನೆಯಲ್ಲಿ ಒಂದು ಬೆಳೆ ಏರುಪೇರಿನದು, ಒಂದು ಸಮನಾದದ್ದು ಎಂದು ಜೋಡಿಸಿಕೊಳ್ಳುವುದಕ್ಕೆ ಷೇರು ಮಾರುಕಟ್ಟೆಯವರು ದೊಡ್ಡ ದೊಡ್ಡ ಹೆಸರು ಇಟ್ಟುಕೊಂಡಿದ್ದಾರೆ. ನಿಮ್ಮ ಅತ್ತೆಯವರಿಗೆ ಅದು ಹೆಸರಿಲ್ಲದೆಯೇ ಗೊತ್ತಿತ್ತು.

ನಿಮ್ಮ ತವರು ಶ್ರೀನಿವಾಸಪುರದ ಕಡೆ ಹೋದರೆ ಕಾಲದ ಅಳತೆಯೇ ಬೇರೆ. ಅಲ್ಲಿ ಮಾವಿನ ಕಸಿ ಗಿಡ ನೆಟ್ಟರೆ ಫಲ ಕಾಣಲು ನಾಲ್ಕೈದು ವರ್ಷ, ತುಂಬು ಫಸಲಿಗೆ ಇನ್ನೂ ಹೆಚ್ಚು. ಆಮೇಲೆ ದಶಕಗಟ್ಟಲೆ ಮರ ನಿಂತಿರುತ್ತದೆ. ಅಪ್ಪ ಒಂದು ಬೆಲೆ ನೋಡಿ ನೆಟ್ಟ ಮರದ ಹಣ್ಣನ್ನು ಮಗ ಇನ್ನೊಂದು ಬೆಲೆಗೆ ಮಾರುತ್ತಾನೆ. ಬೆಲೆ ಚೆನ್ನಾಗಿದೆ ಎಂದು ಈ ವರ್ಷ ಮರ ಹೆಚ್ಚಿಸಲಾಗುವುದಿಲ್ಲ, ಬಿದ್ದಿತೆಂದು ಕಡಿಯಲು ಮನಸ್ಸು ಬರುವುದಿಲ್ಲ. ಒಂದು ವರ್ಷ ಹೇರಳ, ಮರುವರ್ಷ ಕಡಿಮೆ ಎಂಬ ಮಾವಿನ ಸ್ವಭಾವ ಬೇರೆ. ಹೂವು ಬಿಟ್ಟಾಗಲೇ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಟ್ಟುಬಿಡುವ ರೂಢಿ ಇದೆಯಲ್ಲ, ಅದನ್ನು ದಡ್ಡತನ ಅನ್ನಬೇಡಿ. ಆಲಿಕಲ್ಲು, ಗಾಳಿ, ಹುಳ, ಬೆಲೆಕುಸಿತ ಎಲ್ಲದರ ಭಯವನ್ನೂ ಇನ್ನೊಬ್ಬರಿಗೆ ದಾಟಿಸಿದ್ದಕ್ಕೆ ತೋಟದವರು ಬಿಟ್ಟುಕೊಡುವ ದುಡ್ಡು ಅದು. ವಿಮೆ ಕಂಪನಿ ಮಾಡುವುದೂ ಅದನ್ನೇ, ಅರ್ಜಿ ನಮೂನೆ ಜಾಸ್ತಿ.

2025ರ ಜೂನ್ ತಿಂಗಳು ನಿಮ್ಮ ತವರಿನವರಿಗೆ ಕೆಟ್ಟದಾಗಿತ್ತು. ಅವರು ಬೆಳೆಯುವ ತೋತಾಪುರಿ ಮಾವು ತಿನ್ನುವ ಹಣ್ಣಿಗಿಂತ ಹೆಚ್ಚಾಗಿ ಫ್ಯಾಕ್ಟರಿ ಹಣ್ಣು. ತಿರುಳು ತೆಗೆದು ಡಬ್ಬಿ ಮಾಡುವ ಕಾರ್ಖಾನೆಗಳು ಹೆಚ್ಚಾಗಿರುವುದು ಚಿತ್ತೂರು ಜಿಲ್ಲೆಯಲ್ಲಿ. ಮಾರುವವರು ಸಾವಿರಾರು, ಕೊಳ್ಳುವವರು ಕೆಲವರೇ. ಹಿಂದಿನ ವರ್ಷದ ತಿರುಳು ಅವರ ಗೋದಾಮಿನಲ್ಲಿ ಉಳಿದಿದ್ದರೆ ಈ ವರ್ಷ ನಿಮ್ಮ ಹಣ್ಣು ಕೇಳುವವರಿಲ್ಲ. ಆಂಧ್ರ ಸರ್ಕಾರ ತನ್ನ ರೈತರಿಗೆ ಕಿಲೊಗೆ 12 ರೂಪಾಯಿ ಸಿಗುವಂತೆ ಮಾಡಿತು: ಕಾರ್ಖಾನೆಯವರು 8, ಸರ್ಕಾರ 4. ಇತ್ತ ಕೋಲಾರದಲ್ಲಿ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ನೀರು ತಗ್ಗಿಗೆ ಹರಿದರೆ ಮಾಲು ಬೆಲೆ ಎತ್ತರ ಇರುವ ಕಡೆಗೆ ಹರಿಯುತ್ತದೆ. ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಬರುವುದನ್ನೇ ನಿಷೇಧಿಸಿತು. ಶ್ರೀನಿವಾಸಪುರ ಬಂದ್ ಆಯಿತು, ಇಲ್ಲಿನ ಮುಖ್ಯಮಂತ್ರಿ ಅಲ್ಲಿನ ಮುಖ್ಯಮಂತ್ರಿಗೆ ಪತ್ರ ಬರೆದರು. ಕೊನೆಗೆ ಕೇಂದ್ರವು ಕರ್ನಾಟಕದ 2.5 ಲಕ್ಷ ಟನ್‌ವರೆಗಿನ ಮಾವಿಗೆ, ಕ್ವಿಂಟಲಿಗೆ 1,616 ರೂಪಾಯಿ ಆಧಾರದಲ್ಲಿ, ಮಾರುಕಟ್ಟೆ ಬೆಲೆಯ ಕೊರತೆ ತುಂಬಿಕೊಡಲು ಒಪ್ಪಿತು. ಖರ್ಚಿನಲ್ಲಿ ಅರ್ಧ ರಾಜ್ಯದ್ದು.

ಈ ಜಗಳದಲ್ಲಿ ನನಗೆ ಯಾರೂ ಖಳರಾಗಿ ಕಾಣುವುದಿಲ್ಲ. ಒಂದು ಕಡೆ ಬೆಲೆಯನ್ನು ಮಾರುಕಟ್ಟೆಗಿಂತ ಮೇಲೆ ಹಿಡಿದು ನಿಲ್ಲಿಸಿದರೆ ಹೊರಗಿನ ಮಾಲನ್ನು ತಡೆಯಲೇಬೇಕು. ತಡೆಯದಿದ್ದರೆ ಸರ್ಕಾರದ 4 ರೂಪಾಯಿ ಪಕ್ಕದ ರಾಜ್ಯಕ್ಕೆ ಹೋಗುತ್ತದೆ. ತಡೆದರೆ ಬೇಲಿಯಾಚೆ ಬೆಲೆ ಇನ್ನೂ ಬೀಳುತ್ತದೆ. ಗಡಿಯ ರಾಯಲ್ಪಾಡಿನ ಆಚೆ ಈಚೆ ಇರುವವರು ಒಂದೇ ಭಾಷೆ ಮಾತಾಡುವ ನೆಂಟರು, ಒಂದೇ ಹಣ್ಣು ಬೆಳೆಯುವವರು. ಕೊರತೆ ತುಂಬುವ ವಿಧಾನ ಅದಕ್ಕೇ ಸ್ವಲ್ಪ ಮೇಲು: ಅದು ಗೇಟು ಹಾಕುವುದಿಲ್ಲ. ಆದರೆ ಖಜಾನೆ ತೆರೆದಿರಬೇಕು, ಹಣ್ಣು ಮುಗಿಯುವ ಮುಂಚೆ ಆದೇಶ ಬರಬೇಕು.

ಮಾಲೂರಿನಲ್ಲಿರುವ ನಿಮ್ಮ ನಾದಿನಿಯ ಮನೆಯವರು ಹೊಲಕ್ಕೆ ನೀಲಗಿರಿ ಹಾಕಿ ಕೂತಿದ್ದಾರೆ, ಸೋಮಾರಿಗಳು ಎಂದು ನೀವು ತಮಾಷೆ ಮಾಡಿದ್ದೀರಿ. ಸೋಮಾರಿತನವಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ ಜಿಲ್ಲೆಯ ಎಷ್ಟೋ ರಾಗಿ ಹೊಲಗಳಿಗೆ ನೀಲಗಿರಿ ಬಂತು. ರಾಗಿಗೆ ಆಳು ಬೇಕು, ಮಳೆ ಬೇಕು, ಕಾವಲು ಬೇಕು. ನೀಲಗಿರಿ ನೆಟ್ಟು ಮರೆತು ಕೆಲವು ವರ್ಷಕ್ಕೊಮ್ಮೆ ಕಡಿಸಿದರೆ ಕೂಳೆ ಮತ್ತೆ ಚಿಗುರುತ್ತದೆ. ಬೆಂಗಳೂರು ಹತ್ತಿರವಿದ್ದು ಅಲ್ಲಿ ದಿನಗೂಲಿ ಸಿಗುವವರಿಗೆ ಹೊಲದಲ್ಲಿ ಕಳೆಯುವ ದಿನವೇ ದುಬಾರಿ. ಅವಕಾಶ ವೆಚ್ಚ ಹೊತ್ತಿಗೂ ಇದೆ. ಅಂತರ್ಜಲ ಬತ್ತುತ್ತದೆಂಬ ಕೂಗಿನ ಮೇಲೆ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಈಗ ಅಂಥ ದುಡಿಮೆ ಜಿಲ್ಲೆಯೊಳಗೇ ಬಂದಿದೆ: ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ತಯಾರಾಗುತ್ತದೆ, 2020ರಿಂದ ಐಫೋನ್ ಜೋಡಣೆ ನಡೆಯುತ್ತದೆ. ಕಂಪನಿ ಬಸ್ಸು ಹಳ್ಳಿ ಬಾಗಿಲಿಗೆ ಬಂದು ಹುಡುಗಿಯರನ್ನು ಹತ್ತಿಸಿಕೊಳ್ಳುತ್ತದೆ. ಟೊಮೆಟೊ ಕೊಯ್ಯಲು ಆಳು ಸಿಗುತ್ತಿಲ್ಲ, ಕೂಲಿ ಏರಿತು ಎಂದು ನಿಮ್ಮ ಯಜಮಾನರು ಗೊಣಗುವಾಗ ಅವರಿಗೆ ಹೇಳಿ: ಅವರು ಕೂಲಿಗೆ ಪೈಪೋಟಿ ನಡೆಸುತ್ತಿರುವುದು ಪಕ್ಕದ ಹೊಲದವನ ಜೊತೆಗಲ್ಲ, ಐಫೋನಿನ ಜೊತೆಗೆ.

ನೀರಿನ ವಿಷಯವನ್ನು ಬಿಟ್ಟರೆ ಈ ಪತ್ರ ಅರ್ಧವಾದೀತು. ಟೊಮೆಟೊ ಬೆಲೆ ತಡವಾಗಿಯಾದರೂ ಮಾತಾಡುತ್ತದೆ. ನೀರಿಗೆ ಬೆಲೆಯೇ ಇಲ್ಲ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಒಂದು ಗಂಟೆ ಹೆಚ್ಚು ಮೋಟಾರು ಓಡಿಸಿದರೆ ನಿಮಗೆ ಖರ್ಚಿಲ್ಲ, ಪಕ್ಕದವರ ಬೋರ್‌ವೆಲ್ಲಿಗೆ ಇದೆ. ಅವರು ಓಡಿಸಿದರೆ ಖರ್ಚು ನಿಮಗೆ. ನಾವು ತಗ್ಗಿಸಿ ಉಳಿಸಿದ ನೀರನ್ನು ಅವರು ಎತ್ತಿಕೊಳ್ಳುತ್ತಾರೆ ಎಂದು ಇಬ್ಬರಿಗೂ ಗೊತ್ತು, ಹಾಗಾಗಿ ಇಬ್ಬರೂ ಎತ್ತುತ್ತಾರೆ. ಸಾವಿರ, ಒಂದೂವರೆ ಸಾವಿರ ಅಡಿ ಕೊರೆಯುವ ಕಡೆಗೆ ಜಿಲ್ಲೆ ಬಂದು ನಿಂತದ್ದು ಹೀಗೆ. ಕರೆಂಟಿಗೆ ದುಡ್ಡು ಹಾಕಿ ಎಂದು ಹೇಳುವುದು ನನಗೆ ಸುಲಭ, ಬೆಲೆ 50 ರೂಪಾಯಿಗೆ ಬಿದ್ದ ದಿನ ಆ ಬಿಲ್ಲು ಕಟ್ಟಬೇಕಾದವರು ನೀವು. ಹಂಚಿಕೊಂಡ ಸಂಪತ್ತನ್ನು ಊರಿನವರೇ ಕಟ್ಟಳೆ ಮಾಡಿಕೊಂಡು ಕಾಪಾಡಿಕೊಂಡ ಉದಾಹರಣೆಗಳನ್ನು ಲೋಕದ ಹಲವು ಕಡೆ ಹುಡುಕಿ ತೋರಿಸಿದ್ದಕ್ಕೆ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೊದಲ ಮಹಿಳೆ ಅವರು. ನಿಮ್ಮ ಕೆರೆಗಳಿಗೂ ನೀರಗಂಟಿ, ಸರದಿ, ಹೂಳೆತ್ತುವ ಪಾಳಿ ಇದ್ದವು. ಕೆರೆಯ ನೀರು ಎಲ್ಲರ ಕಣ್ಣಿಗೆ ಬೀಳುತ್ತದೆ, ಸಾವಿರ ಅಡಿ ಕೆಳಗಿನದು ಯಾರಿಗೂ ಕಾಣುವುದಿಲ್ಲ. ಅದಕ್ಕೆ ಸರದಿ ಕಟ್ಟುವುದು ಕಷ್ಟ.

2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದದ್ದು ನಿಮಗೆ ಗೊತ್ತು. ಬೆಂಗಳೂರಿನ ಬಚ್ಚಲ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬುವ ಯೋಜನೆ. ಕೆರೆ ಕೋಡಿ ಬಿದ್ದು ಸುತ್ತಲಿನ ಬೋರ್‌ವೆಲ್ಲುಗಳು ಮರುಜೀವ ಪಡೆದವು ಎಂದು ಸಂತೋಷಪಟ್ಟವರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಈ ನೀರು ಬೇಡ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದವರೂ ಇದ್ದಾರೆ. ಒಬ್ಬರ ಕೆಲಸದ ಫಲವೋ ನಷ್ಟವೋ ಕೊಡುಕೊಳ್ಳುವಿಕೆಯಲ್ಲಿ ಇಲ್ಲದ ಮೂರನೆಯವರಿಗೆ ತಟ್ಟಿದರೆ ಅದು ಬಾಹ್ಯ ಪರಿಣಾಮ. ಬೆಂಗಳೂರಿನವರು ಸ್ನಾನ ಮಾಡಿದ್ದಕ್ಕೆ ಕೋಲಾರದ ಬೋರ್‌ವೆಲ್ಲಿನಲ್ಲಿ ನೀರು ಏರುವುದಕ್ಕಿಂತ ಚೆನ್ನಾದ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಕೊಡಲು ಇಲ್ಲೂ ಕಾಲ ಬೇಕು. ನೀರಿನ ಮಟ್ಟ ತಿಂಗಳಲ್ಲಿ ಏರುತ್ತದೆ, ಮಣ್ಣಿನಲ್ಲಿ ಸೇರುವುದು ವರ್ಷಗಟ್ಟಲೆ ತೆಗೆದುಕೊಂಡು ಕಾಣಿಸುತ್ತದೆ.

ಕಾಗದದ ಕೊನೆಗೆ ಯಜಮಾನರ ಪ್ರಶ್ನೆಯೊಂದನ್ನು ಸೇರಿಸಿದ್ದೀರಿ: ಈ ಸಲ ಒಂದು ಎಕರೆ ಟೊಮೆಟೊ ಇಡಬಹುದೇ? ಬೆಂಗಳೂರಲ್ಲಿ ಕೂತವನು ಇಡಿ ಎಂದರೂ ಬೇಜವಾಬ್ದಾರಿ, ಬೇಡ ಎಂದರೂ ಬೇಜವಾಬ್ದಾರಿ. ಒಂದು ಕೆಲಸ ಮಾಡಿ. ಇವತ್ತಿನ ಮಂಡಿ ಬೆಲೆ ಕೇಳುವುದನ್ನು ಬಿಟ್ಟು ಇಬ್ಬರೂ ಮೂರು ನಾಲ್ಕು ನರ್ಸರಿಗಳಿಗೆ ಹೋಗಿ ಬನ್ನಿ. ಸಸಿ ಕೇಳಿದ ದಿನವೇ ಸಿಗುತ್ತದೋ, ಮುಂಗಡ ಕೊಟ್ಟು ಇಪ್ಪತ್ತು ದಿನ ಕಾಯಬೇಕೋ? ಹೋದ ವರ್ಷ ಇದೇ ತಿಂಗಳಿಗಿಂತ ಹೆಚ್ಚು ಟ್ರೇ ಹೋಗಿವೆಯೋ? ಆಂಧ್ರದ ಕಡೆಯವರು ಬಂದು ಒಯ್ಯುತ್ತಿದ್ದಾರೋ? ಕಡ್ಡಿ ಮಾರುವವರ ಹತ್ತಿರ ರೇಟು ಏರಿದೆಯೋ? ಇನ್ನು ಮೂರು ತಿಂಗಳಿಗೆ ಯಾರ್ಡಿಗೆ ಬರುವ ಮಾಲು ಈಗ ಆ ಟ್ರೇಗಳಲ್ಲಿ ಎರಡೆಲೆ ಬಿಟ್ಟು ನಿಂತಿದೆ. ಸಸಿಗೆ ನೂಕುನುಗ್ಗಲು ಇದ್ದರೆ ಅರ್ಧ ಎಕರೆಗೆ ಇಳಿಸಿ, ನರ್ಸರಿಯವರೇ ಫೋನ್ ಮಾಡಿ ಕರೆಯುತ್ತಿದ್ದರೆ ಧೈರ್ಯ ಮಾಡುವ ಮಾತು ಯೋಚಿಸಬಹುದು. ಮಳೆ, ರೋಗ ಇವೆರಡೂ ಈ ಲೆಕ್ಕದ ಹೊರಗೆ. ಕೇಳಿಕೊಂಡು ಬಂದದ್ದನ್ನು, ನಿಮ್ಮ ಕೂಲಿಯನ್ನೂ ಸೇರಿಸಿದ ಖರ್ಚಿನ ಪಟ್ಟಿಯ ಜೊತೆ, ಮುಂದಿನ ಕಾಗದದಲ್ಲಿ ಬರೆಯಿರಿ. ಎಷ್ಟು ಬೆಲೆಗಿಂತ ಕೆಳಗೆ ಬಂದರೆ ಕೊಯ್ಯಬಾರದು ಎಂಬುದನ್ನು ನಾಟಿಗೆ ಮುಂಚೆಯೇ ಗುರುತು ಹಾಕಿಡೋಣ.

ಇಂತಿ ನಿಮ್ಮ ವಿಶ್ವಾಸಿ